ಹೆಪ್ಪು ಕೇಳಲು ಹೋದ ಅಯ್ಯನವರು

"ಅಯ್ಯನೋರು ಲೋಟ ಹಿಡ್ಕೊಂಡು ಪಕ್ಕದ ಮನೆಗೆ ಹೆಪ್ಪು ಕೇಳೋಕೆ ಹೋಗೋದಾ? ಸಭೆ ಮರ್ಯಾದೆ ಏನಾಗಬೇಕು?" ನಮ್ಮ ಚರ್ಚ್ ಸಭೆಯ ಹಿರಿಯರೊಬ್ಬರು ಕಮಿಟಿಯಲ್ಲಿ ಹೀಗೆ ಕೇಳಿದ್ದರು. ಅಯ್ಯನೋರು ಅಂದರೆ ಸಭೆಯ ಪಾದ್ರಿ, ಅಂದರೆ ನಾನು. 2019ರ ಕ್ರಿಸ್‌ಮಸ್‌ಗೆ ನಮ್ಮ ಅಂಗಳದಲ್ಲಿ ಇನ್ನೂರರ ಹತ್ತಿರ ಜನ ಊಟ ಮಾಡಿದರು. ಅದರಲ್ಲಿ ಸಭೆಯವರು ಎಪ್ಪತ್ತು ದಾಟಿರಲಿಲ್ಲ. ಎಲೆ ಹಾಕಿಸಲು ಅದೇ ಹಿರಿಯರು ಎಲ್ಲರಿಗಿಂತ ಮುಂದೆ ನಿಂತಿದ್ದರು. ಅದಕ್ಕೇ ಈಗ ಬರೆಯುವ ಧೈರ್ಯ ಬಂದಿದೆ.

ನಾವು ಉಡುಪಿ ಕಡೆಯವರು, ಮನೆಮಾತು ತುಳು. 2016ರ ಜೂನ್‌ನಲ್ಲಿ ಆಲೂರು, ಸಕಲೇಶಪುರದ ನಡುವಿನ ಒಂದು ಹಳ್ಳಿಗೆ ವರ್ಗ ಆಯಿತು. ಇಪ್ಪತ್ತೆರಡು ಮನೆಗಳ ಸಣ್ಣ ಸಭೆ. ಘಟ್ಟ ಹತ್ತಿದರೆ ಆಯಿತು, ಇಲ್ಲೂ ಕನ್ನಡವೇ ಅಲ್ವಾ, ಏನು ಕಷ್ಟ ಅಂದುಕೊಂಡೆ. ಮೊದಲ ದಿನವೇ ನನ್ನ ಪುಸ್ತಕದ ಕನ್ನಡ ಕೇಳಿ ಅಂಗಡಿಯವನು ನಕ್ಕ. "ಊಟ ಆಯ್ತಾ?" ಅಂತ ದಾರಿಯಲ್ಲಿ ಯಾರಾದರೂ ಕೇಳಿದರೆ ನಿಂತುಕೊಂಡು ಏನು ಊಟ ಮಾಡಿದೆ ಅಂತ ಪೂರ್ತಿ ಹೇಳುತ್ತಿದ್ದೆ.

ಮೊದಲ ಕ್ರಿಸ್‌ಮಸ್‌ಗೆ ಊರಿಗೆಲ್ಲ ಊಟ ಹಾಕೋಣ ಅಂತ ಹೊರಟೆ. ಕಾರ್ಡ್ ಅಚ್ಚು ಹಾಕಿಸಿ ಹುಡುಗರ ಕೈಲಿ ಹಂಚಿಸಿದೆ. ನೂರಿಪ್ಪತ್ತು ಜನಕ್ಕೆ ಕೋಳಿ ಬಿರಿಯಾನಿ. ಎಲ್ಲ ಸೇರಿ ಹದಿನಾರು ಸಾವಿರ ದಾಟಿತು, ಅದರಲ್ಲಿ ಅರ್ಧ ನನ್ನ ಸ್ವಂತದ್ದು. ಸಭೆಯ ಹೊರಗಿನವರು ಬಂದದ್ದು ಹನ್ನೊಂದು ಜನ. ಮೂವರು ಊಟ ಮಾಡದೆ ಬಾಳೆಹಣ್ಣು ತೆಗೆದುಕೊಂಡು ಹೋದರು. ಮಾರನೇ ದಿನ ಪಕ್ಕದ ಮನೆಯ ಗೌಡ್ರು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಏನ್ ಅಯ್ನೋರೇ, ಕಾರ್ಡ್ ಕಳ್ಸಿದ್ರಿ. ನಿಮ್ಗೆ ಬಾಯಿ ಇರ್ಲಿಲ್ವಾ?"

ಅದು ಒಂದು ತಪ್ಪು. ಇನ್ನೊಂದು ತಪ್ಪು ಅದಕ್ಕಿಂತ ದೊಡ್ಡದು. ಊಟದ ಹಿಂದೆ ಏನೋ ಉದ್ದೇಶ ಇದೆ ಅಂತ ಊರಿಗೆ ಅನುಮಾನ. ನಿಜ ಹೇಳಬೇಕೆಂದರೆ ಇತ್ತು. ಊಟಕ್ಕೆ ಮೊದಲು ಹದಿನೈದು ನಿಮಿಷ ಪ್ರಸಂಗ, ಅಂದರೆ ಉಪದೇಶ, ಇಟ್ಟಿದ್ದೆ. ಹಸಿದವರನ್ನು ಕೂರಿಸಿ ಪ್ರಸಂಗ ಮಾಡಿದರೆ ಯಾರಿಗೆ ಇಷ್ಟ ಆಗುತ್ತೆ?

ಮರುವರ್ಷ ಊಟ ಬಿಟ್ಟು ಕುಸ್ವಾರ್, ಅಂದರೆ ನಮ್ಮ ಕಡೆಯ ಕ್ರಿಸ್‌ಮಸ್ ತಿಂಡಿ, ಹಂಚಿದೆವು. ಚಕ್ಕುಲಿ, ನೆವ್ರಿ, ರೋಸ್ ಕುಕೀಸ್. ಲಿಂಗಾಯತರ ಮನೆಯೊಂದರಲ್ಲಿ ಅಜ್ಜಿ ರೋಸ್ ಕುಕೀಸ್ ಕೈಯಲ್ಲಿ ಹಿಡಿದು, "ಮೊಟ್ಟೆ ಏನಾದ್ರೂ ಹಾಕೀರಾ ಅಮ್ಮಾ?" ಅಂದರು. ನನ್ನ ಹೆಂಡತಿ ಸುಳ್ಳು ಹೇಳಲಿಲ್ಲ. ಅಜ್ಜಿ ಬೇಜಾರು ಮಾಡಿಕೊಳ್ಳಲಿಲ್ಲ, ತಟ್ಟೆಯನ್ನು ಮೆಲ್ಲಗೆ ಜಗಲಿಯ ಮೇಲಿಟ್ಟರು. ಅವತ್ತು ರಾತ್ರಿ ನಮ್ಮಿಬ್ಬರಿಗೂ ಊಟ ಸೇರಲಿಲ್ಲ.

ತಿರುವು ಬಂದದ್ದು ನಮ್ಮ ಜಾಣತನದಿಂದ ಅಲ್ಲ, ಮಳೆಯಿಂದ. 2018ರ ಆಗಸ್ಟ್ ನಿಮಗೆ ನೆನಪಿರಬಹುದು. ಶಿರಾಡಿ ಘಾಟ್ ಕುಸಿದು ರಸ್ತೆ ಬಂದ್ ಆಯಿತು. ನಮಗೆ ಕುಚ್ಚಲಕ್ಕಿ, ಒಣಮೀನು ಎಲ್ಲ ಬರುತ್ತಿದ್ದದ್ದು ಅದೇ ದಾರಿಯಲ್ಲಿ. ಕರೆಂಟ್ ಹೋಗಿ ನಾಲ್ಕು ದಿನ. ಸಾಲದ್ದಕ್ಕೆ ಗ್ಯಾಸೂ ಮುಗಿಯಿತು. ಗೌಡ್ರ ಮನೆಯ ಅಕ್ಕ ಗೊಬ್ಬರದ ಚೀಲವನ್ನೇ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಅಕ್ಕಿ ರೊಟ್ಟಿ, ಕಳಲೆ ಪಲ್ಯ ತಂದರು. ನಾವು ಬೇಡ ಬೇಡ ಅಂದೆವು. "ಎರಡ್ ವರ್ಷದಿಂದ ಬರೀ ಕೊಡಕ್ಕೇ ನೋಡ್ತೀರಲ್ಲ, ಒಂದ್ಸಲ ಇಸ್ಕೊಳ್ಳಿ" ಅಂದರು.

ಬೈಬಲಿನ ಲೂಕ 10ನೇ ಅಧ್ಯಾಯದ ಮೇಲೆ ನಾನು ಕಡಿಮೆ ಅಂದರೂ ಎಂಟು ಸಲ ಪ್ರಸಂಗ ಮಾಡಿದ್ದೆ. ಚೀಲ ಇಲ್ಲದೆ ಹೋಗಿ, ಮುಂದೆ ಇಟ್ಟಿದ್ದನ್ನು ಊಟ ಮಾಡಿ ಅಂತ ಯೇಸು ಶಿಷ್ಯರಿಗೆ ಹೇಳುವ ಭಾಗ. ನಾನು ಚೀಲ ತುಂಬಿಕೊಂಡೇ ಬಂದಿದ್ದೆ.

ಅಲ್ಲಿಂದ ದಾರಿ ಬದಲಿಸಿದೆವು. ಕೊಡುವುದು ಬಿಟ್ಟು ಕೇಳುವುದು. ದಿನಾ ಸಂಜೆ ಒಂದು ಮನೆಗೆ ಹೆಪ್ಪಿಗೋ ಕರಿಬೇವಿಗೋ ಹೋಗುವುದು. ಕೂರಿ ಅಂದರೆ ಕೂರುವುದು. ಬೆಲ್ಲದ ಕಾಫಿ ಕೊಟ್ಟರೆ ಕುಡಿಯುವುದು. ಖಾಲಿ ಪಾತ್ರೆ ವಾಪಸ್ ಕೊಡಬಾರದು ಅನ್ನುವುದು ನಿಮಗೆಲ್ಲ ಗೊತ್ತಿರುವುದೇ. ಆದರೆ ಅದರಲ್ಲಿ ಏನು ಹಾಕುತ್ತೀರಿ ಅನ್ನುವುದರಲ್ಲಿ ಎಲ್ಲ ಇದೆ. ನಮ್ಮ ಮನೆಯಲ್ಲಿ ಬೆಂದದ್ದನ್ನು ತಿನ್ನದವರ ಪಾತ್ರೆಗೆ ಬೇಯಿಸಿದ್ದು ಹಾಕಬೇಡಿ. ನಾವು ಒಣಗಿಸಿದ ಪುನರ್ಪುಳಿ (ಕೋಕಂ) ಸಿಪ್ಪೆ ಹಾಕಿದೆವು. ಆಗ ಕೆಜಿಗೆ ಮುನ್ನೂರರ ಆಸುಪಾಸು ಇತ್ತು, ಒಂದು ಕೆಜಿ ಇಪ್ಪತ್ತು ಮನೆಗೆ ಬಂತು. ಬಿರಿಯಾನಿ ಮಾಡದ ಕೆಲಸವನ್ನು ಪುನರ್ಪುಳಿ ಮಾಡಿತು. ಅದರಲ್ಲಿ ಏನು, ಹೇಗೆ ಮಾಡೋದು ಅಂತ ಕೇಳಲು ಹೆಂಗಸರೇ ನಮ್ಮ ಮನೆ ಬಾಗಿಲಿಗೆ ಬಂದರು!

ಕರಾವಳಿಯ ಗೆಳೆಯರ ಖರ್ಚು ಬೇರೆ ಲೆಕ್ಕ. ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚ್ ನೋಡಲು ಬಂದವರೆಲ್ಲ ನಮ್ಮಲ್ಲೇ ಮಧ್ಯಾಹ್ನದ ಊಟಕ್ಕೆ. ಅವರಿಗೆ ಮುದ್ದೆ ಹಾಕಿ ಅಗಿಯಬೇಡಿ ನುಂಗಿ ಅಂತ ಕಲಿಸುವುದು ನನಗೊಂದು ಖುಷಿ. ಮುದ್ದೆ ತಿರುವುವುದು ಮಾತ್ರ ಇವತ್ತಿಗೂ ಬರಲಿಲ್ಲ, ಗಂಟಾಗುತ್ತದೆ. ಮೊಟ್ಟೆ ಇಲ್ಲದ ಕೇಕ್‌ಗೆ ಆರು ಸಲ ಪ್ರಯತ್ನ ಮಾಡಿದೆವು. ನಾಲ್ಕು ಇಟ್ಟಿಗೆ, ಐದನೆಯದು ಪಾಯಸ. ಆರನೆಯದು ಗೆದ್ದಿತು. ಅದರಲ್ಲಿ ಮೊಸರಿನ ಜೊತೆ ಏನು ಸೇರಿಸಿದೆವು ಅಂತ ಹೆಂಡತಿ ಹೇಳಬೇಡ ಅಂದಿದ್ದಾಳೆ. ಜಗಲಿ ದಾಟದ ಗೌಡ್ರು ಒಳಗೆ ಬಂದು ಕೂತದ್ದು ಹೇಗೆ ಅನ್ನುವುದನ್ನೂ ನಾನು ಹೇಳುವುದಿಲ್ಲ.

ಇದೇ ಸೀಮೆಯಲ್ಲಿ ಓಡಾಡಿದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಇಲ್ಲಿಯವರ ಹಾಗೇ ಬಟ್ಟೆ ಉಟ್ಟು, ಮಾಂಸ ಬಿಟ್ಟು ಬದುಕಿದರಂತೆ. 1823ರಲ್ಲಿ ಊರಿಗೆ ವಾಪಸ್ ಹೋದರು. ನಾನು ಅಷ್ಟು ದೂರ ಹೋಗಲಿಲ್ಲ, ಮೀನು ಬಿಡಲು ಆಗಲಿಲ್ಲ. ಒಣಮೀನು ಸುಡುವುದನ್ನು ಮಾತ್ರ ಹಿತ್ತಿಲಿಗೆ, ಅದೂ ಸೋಮವಾರ ಬಿಟ್ಟು, ಬದಲಿಸಿದೆವು.

2019ರ ಊಟಕ್ಕೆ ಕಾರ್ಡ್ ಇಲ್ಲ. ಗಂಡ ಹೆಂಡತಿ ಇಬ್ಬರೂ ಮನೆಮನೆಗೆ ಹೋಗಿ ಎಲೆ ಅಡಿಕೆ ಕೊಟ್ಟು ಕರೆದೆವು. ಇದಕ್ಕೂ ಕಮಿಟಿಯಲ್ಲಿ ಎರಡು ಗಂಟೆ ಜಗಳ. ಎಲೆ ಎಲೆಯೇ, ಅಡಿಕೆ ಅಡಿಕೆಯೇ ಅಂದೆ. ಶಾಮಿಯಾನದವರಿಂದ ಪಾತ್ರೆ ತರಿಸಲಿಲ್ಲ, ಕೊಳಗ, ಸೌಟು, ಚಾಪೆ ಎಲ್ಲ ನೆರೆಯವರಿಂದ ಕೇಳಿ ತಂದೆವು. ಪಾತ್ರೆ ಕೊಟ್ಟವರು ಅದರಲ್ಲಿ ಏನು ಬೆಂದಿದೆ ಅಂತ ನೋಡಲು ಬಂದೇ ಬರುತ್ತಾರೆ. ಅಡುಗೆಗೆ ಲಿಂಗಾಯತ ಭಟ್ಟರು, ಮುಂದಿನ ಅಂಗಳದಲ್ಲಿ ಪೂರ್ತಿ ಸಸ್ಯಾಹಾರ. ಕೋಳಿ ಬೇಕಾದವರಿಗೆ ಹಿಂದೆ ಬೇರೆ ಒಲೆ, ಬೇರೆ ಕೈ. ಪ್ರಸಂಗ ಇಲ್ಲ. ಊಟಕ್ಕೆ ಮೊದಲು ಎರಡು ಸಾಲಿನ ಪ್ರಾರ್ಥನೆ, ಅಷ್ಟೇ. ಖರ್ಚು ಹನ್ನೊಂದು ಸಾವಿರ ಇರಬೇಕು. ತರಕಾರಿ, ಬಾಳೆಲೆ, ತೆಂಗಿನಕಾಯಿ ದುಡ್ಡಿಲ್ಲದೆ ಬಂದವು. ಆ ಅಜ್ಜಿ ಒಳಗೆ ಬರಲಿಲ್ಲ. ಆದರೆ ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತು ಕೇಕ್ ತಿಂದರು, ಮೊಮ್ಮಗನಿಗೆ ಅಂತ ಇನ್ನೊಂದು ತುಂಡು ಕಟ್ಟಿಸಿಕೊಂಡರು.

ಸಭೆಗೆ ಎಷ್ಟು ಜನ ಹೊಸದಾಗಿ ಸೇರಿದರು ಅಂತ ಮೇಲಿನವರು ಕೇಳುತ್ತಾರೆ. ಯಾರೂ ಇಲ್ಲ. ಅದನ್ನೇ ವರದಿಯಲ್ಲಿ ಬರೆದೆ.

ಮೇ ತಿಂಗಳಲ್ಲಿ ನಮಗೆ ವರ್ಗ. ನಮ್ಮ ಅಡುಗೆಮನೆಯಲ್ಲಿ ಈಗ ಬೇರೆಯವರ ಪಾತ್ರೆ ಏಳಿವೆ, ನಮ್ಮವು ಊರಲ್ಲಿ ಎಷ್ಟಿವೆಯೋ ಲೆಕ್ಕ ಸಿಕ್ಕಿಲ್ಲ. ನಮ್ಮ ನಂತರ ಬರುವ ಅಯ್ಯನವರೇ, ದಯವಿಟ್ಟು ಆ ಏಳನ್ನೂ ಒಂದೇ ದಿನ ವಾಪಸ್ ಕೊಟ್ಟುಬಿಡಬೇಡಿ.