ಬಣ್ಣದ ಡಬ್ಬ ತೆರೆಯುವ ಮೊದಲು ಗೋಡೆಯನ್ನು ಮುಟ್ಟಿ ನೋಡಿ

ಗೌರಿ-ಗಣೇಶ ಹಬ್ಬ ಹತ್ತಿರ ಬರುತ್ತಿದ್ದಂತೆ ಮನೆಗೆ ಬಣ್ಣ ಮಾಡಿಸಬೇಕು ಎಂಬ ಆಸೆ ಎಲ್ಲ ಮನೆಗಳಲ್ಲಿಯೂ ಮೂಡುತ್ತದೆ. ಆದರೆ ಭಾದ್ರಪದವೆಂದರೆ ನಮ್ಮ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಳೆ ಇನ್ನೂ ಬಿಟ್ಟಿರದ ಕಾಲ. ಗೋಡೆ ಜೂನ್ ತಿಂಗಳಿನಿಂದ ಕುಡಿದ ನೀರನ್ನು ಒಳಗೇ ಇಟ್ಟುಕೊಂಡಿರುತ್ತದೆ. ಆಗ ಬಳಿದ ಬಣ್ಣ ಹಬ್ಬದ ದಿನಕ್ಕೆ ಚೆನ್ನಾಗಿ ಕಾಣುತ್ತದೆ, ಸಂಕ್ರಾಂತಿಯ ಹೊತ್ತಿಗೆ ಹಪ್ಪಳದಂತೆ ಎದ್ದು ನಿಲ್ಲುತ್ತದೆ. ಗೋಡೆಯ ಕೆಲಸ ಏನಿದ್ದರೂ ದೀಪಾವಳಿ ಕಳೆದ ಮೇಲೆ, ಶಿವರಾತ್ರಿಯ ಒಳಗೆ ಮಾಡಿಸಿಕೊಳ್ಳಿ ಎಂದು ನಾನು ಹೊಸದಾಗಿ ಸಂಸಾರ ಹೂಡಿದವರಿಗೆಲ್ಲ ಹೇಳುತ್ತೇನೆ. ಯಜಮಾನರ ವರ್ಗಾವಣೆಯ ನೌಕರಿಯಿಂದಾಗಿ ಶಿವಮೊಗ್ಗ, ಹುಬ್ಬಳ್ಳಿ, ಮೈಸೂರು ಎಂದು ಹಲವು ಬಾಡಿಗೆ ಮನೆಗಳನ್ನು ಕಡಿಮೆ ಹಣದಲ್ಲಿ ಓರಣಗೊಳಿಸುತ್ತ ಬಂದ ನನಗೆ, ಅಲಂಕಾರಕ್ಕೆ ಸುರಿದ ಹಣ ವ್ಯರ್ಥವಾದ ಪ್ರತಿ ಸಲವೂ ತಪ್ಪು ಅಲಂಕಾರದಲ್ಲಿ ಇರಲಿಲ್ಲ, ಅದರ ಅಡಿಯಲ್ಲಿದ್ದ ಗೋಡೆ, ಬಟ್ಟೆ ಅಥವಾ ಮರವನ್ನು ಸರಿಯಾಗಿ ನೋಡದೆ ಇದ್ದುದರಲ್ಲಿ ಇತ್ತು ಎಂಬುದು ಸ್ಪಷ್ಟವಾಗಿದೆ.

ಶಿವಮೊಗ್ಗದ ಮನೆಯಲ್ಲಿ ನಡುಮನೆಯ ಒಂದು ಗೋಡೆಯ ಕೆಳಭಾಗ ಸದಾ ಕಪ್ಪಾಗಿ, ಉಪ್ಪು ಎದ್ದಂತೆ ಪುಡಿಪುಡಿಯಾಗಿ ಕಾಣುತ್ತಿತ್ತು. ಅದನ್ನು ಮುಚ್ಚಲು ಹೂವಿನ ವಿನ್ಯಾಸದ ಗೋಡೆ ಕಾಗದವನ್ನು ತಂದು ಅಂಟಿಸಿದೆವು. ಒಂದು ಮಳೆಗಾಲ ಕಳೆಯುವುದರೊಳಗೆ ಕಾಗದದ ಹಿಂದೆ ಬೂಷ್ಟು ಬೆಳೆದು, ಮನೆಯೆಲ್ಲ ಮುಗ್ಗಲು ವಾಸನೆ ತುಂಬಿ, ಮಗುವಿಗೆ ಕೆಮ್ಮು ಹಿಡಿಯಿತು. ಕಾಗದ ಕಿತ್ತು ನೋಡಿದಾಗ ಆಚೆ ಬದಿಯ ಬಚ್ಚಲುಮನೆಯ ಕೊಳವೆ ಸೋರುತ್ತಿದ್ದುದು ತಿಳಿಯಿತು. ಕೊಳವೆಯನ್ನು ಸರಿಪಡಿಸಿ, ತೇವದ ಗೆರೆಗಿಂತ ಒಂದು ಅಡಿ ಮೇಲಿನವರೆಗೆ ಹಳೆಯ ಗಾರೆಯನ್ನು ಕೆತ್ತಿಸಿ, ಹೊಸ ಗಾರೆ ಹಾಕಿಸಿ, ನಾಲ್ಕು ವಾರ ಒಣಗಲು ಬಿಟ್ಟ ಮೇಲೆಯೇ ಬಣ್ಣ ನಿಂತಿತು. ಮೊದಲೇ ಹಾಗೆ ಮಾಡಿದ್ದರೆ ಕಾಗದದ ಹಣವೂ, ಅದನ್ನು ಅಂಟಿಸಿದ ಕೂಲಿಯೂ, ಕಿತ್ತ ಕೂಲಿಯೂ ಉಳಿಯುತ್ತಿದ್ದವು.

ಇದಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಅನುಮಾನವಿರುವ ಜಾಗಕ್ಕೆ ಇಟ್ಟು, ನಾಲ್ಕೂ ಬದಿಗೆ ಗಾಳಿ ಹೋಗದಂತೆ ಟೇಪು ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಗೋಡೆಯ ಕಡೆಯ ಮೈಯಲ್ಲಿ ನೀರಿನ ಹನಿ ಕೂತಿದ್ದರೆ ತೇವ ಗೋಡೆಯೊಳಗಿನಿಂದ ಬರುತ್ತಿದೆ. ಕೋಣೆಯ ಕಡೆಯ ಮೈ ಒದ್ದೆಯಾಗಿದ್ದರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆರೆದು ಗಾಳಿಯಾಡಲು ಬಿಟ್ಟರೆ ಕಡಿಮೆಯಾಗುತ್ತದೆ.

ಗೋಡೆ ಒಣಗಿದೆ ಎಂದಾದರೆ ಎಲ್ಲಕ್ಕಿಂತ ಅಗ್ಗದ ಹೊದಿಕೆ ಸುಣ್ಣವೇ. ಉಗ್ರಾಣ, ಹಿತ್ತಿಲ ಗೋಡೆ, ದನದ ಕೊಟ್ಟಿಗೆ, ಹಳೆಯ ಮನೆಯ ಗಾರೆ ಗೋಡೆ, ಇವಕ್ಕೆ ಸುಣ್ಣಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ, ಏಕೆಂದರೆ ಅದು ಗೋಡೆಯ ತೇವ ಹೊರಗೆ ಆರಿಹೋಗಲು ಬಿಡುತ್ತದೆ, ತನ್ನ ಕ್ಷಾರಗುಣದಿಂದ ಬೂಷ್ಟನ್ನು ಬೇಗ ಹತ್ತಿರ ಬರಗೊಡುವುದಿಲ್ಲ. ಒಂದು ಕಿಲೋ ಸುಟ್ಟ ಸುಣ್ಣದ ಕಲ್ಲಿಗೆ ಸುಮಾರು 5 ಲೀಟರ್ ನೀರಿನ ಲೆಕ್ಕದಲ್ಲಿ, ಮೊದಲು ಕಬ್ಬಿಣದ ಡ್ರಮ್ಮಿಗೆ ನೀರು ಹಾಕಿ, ಆಮೇಲೆ ಕಲ್ಲನ್ನು ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ಕಲ್ಲಿನ ಮೇಲೆ ನೀರು ಸುರಿಯಬಾರದು. ಅದು ಕೊತಕೊತನೆ ಕುದಿಯುತ್ತದೆ, ಆದ್ದರಿಂದ ತೆಳುವಾದ ಪ್ಲಾಸ್ಟಿಕ್ ಬಕೆಟ್ಟು ತಾಳುವುದಿಲ್ಲ, ಅಲ್ಯೂಮಿನಿಯಂ ಪಾತ್ರೆಯನ್ನಂತೂ ಸುಣ್ಣ ತಿಂದೇಬಿಡುತ್ತದೆ. ಒಂದು ದಿನ ಪೂರ್ತಿ ಅರಳಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಅಂಟನ್ನು ನೀರಿನಲ್ಲಿ ಕರಗಿಸಿ ಬೆರೆಸಿ, ಬಿಳುಪು ಎದ್ದು ಕಾಣಲೆಂದು ಒಂದು ಚಿಟಿಕೆ ನೀಲಿ ಹಾಕಿ, ಹಾಲಿನಷ್ಟು ತೆಳ್ಳಗೆ ಮಾಡಿಕೊಂಡು ಮೂರು ಸಲ ಬಳಿಯಬೇಕು. ಒಂದು ಸಲ ಮೇಲಿಂದ ಕೆಳಕ್ಕೆ, ಮತ್ತೊಂದು ಸಲ ಅಡ್ಡಕ್ಕೆ. ಮೊದಲನೆಯ ಸಲ ಬಳಿದಾಗ ಗೋಡೆ ಏನೂ ಬಳಿಯದಂತೆ ಕಾಣುತ್ತದೆ. ಗಾಬರಿಯಾಗಿ ದಪ್ಪಗೆ ಮೆತ್ತಬೇಡಿ, ಒಣಗುತ್ತ ಒಣಗುತ್ತ ಬಿಳಿಯಾಗುವುದೇ ಸುಣ್ಣದ ಸ್ವಭಾವ, ದಪ್ಪಗೆ ಮೆತ್ತಿದರೆ ಸೀಳು ಬಿಟ್ಟು ಉದುರುತ್ತದೆ. ಅರಳುವ ಸುಣ್ಣದ ಹತ್ತಿರ ಮಕ್ಕಳನ್ನು ಬಿಡಲೇಬೇಡಿ; ಬಳಿಯುವವರು ಕೈಗವಸು, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಲಿ. ಕಣ್ಣಿಗೆ ಸಿಡಿದರೆ ತಕ್ಷಣ ಕಾಲು ಗಂಟೆಗೂ ಮೀರಿ ಶುದ್ಧ ನೀರು ಹಾಯಿಸಿ, ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಸುಣ್ಣಕ್ಕೂ ಅದರದೇ ತೊಂದರೆಗಳಿವೆ. ಒರಗಿ ಕುಳಿತವರ ಬಟ್ಟೆಗೆ ಅಂಟುತ್ತದೆ, ವರ್ಷಕ್ಕೊಮ್ಮೆಯಾದರೂ ಮತ್ತೆ ಬಳಿಯಬೇಕಾಗುತ್ತದೆ, ಎಮಲ್ಷನ್ ಅಥವಾ ಎಣ್ಣೆ ಬಣ್ಣ ಹೊಡೆದ ಗೋಡೆಯ ಮೇಲೆ ನಿಲ್ಲುವುದೇ ಇಲ್ಲ. ಆದ್ದರಿಂದ ಮಲಗುವ ಕೋಣೆಗೆ, ಮಕ್ಕಳು ಓದುವ ಕೋಣೆಗೆ ಎಮಲ್ಷನ್ ಬಣ್ಣವೇ ಸರಿ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆಗೆ ನಾಲ್ಕು ಗೋಡೆ ಸೇರಿ 440 ಚದರಡಿಯಾಗುತ್ತದೆ. ಬಾಗಿಲು, ಕಿಟಕಿ ಕಳೆದರೆ ಸುಮಾರು 400. ಒಂದು ಲೀಟರು ಎಷ್ಟು ಚದರಡಿಗೆ ಬರುತ್ತದೆ ಎಂಬುದು ಡಬ್ಬದ ಮೇಲೆ ಬರೆದಿರುತ್ತದೆ. ಅದು ಒಂದು ಕೋಟಿನ ಲೆಕ್ಕವೋ ಎರಡರದೋ ಎಂದು ನೋಡಿಕೊಂಡು ನೀವೇ ಲೆಕ್ಕ ಹಾಕಿ, ಆಮೇಲೆ ಅಂಗಡಿಗೆ ಹೋಗಿ. ಒಮ್ಮೆ ಒಬ್ಬ ಅಂಗಡಿಯವರ ಮಾತು ನಂಬಿ ಬೇಕಾದುದಕ್ಕಿಂತ ಒಂದೂವರೆ ಪಟ್ಟು ಬಣ್ಣ ಕೊಂಡೆ. ಬೆರೆಸಿದ ಬಣ್ಣವನ್ನು ಅವರು ವಾಪಸು ತೆಗೆದುಕೊಳ್ಳಲಿಲ್ಲ. ಅರ್ಧ ಲೀಟರಿನಷ್ಟು ಉಳಿದರೆ ಮಾತ್ರ ಅದು ಉಪಯೋಗದ ಉಳಿಕೆ, ಮುಂದೆ ಗೀಚು ಬಿದ್ದ ಕಡೆ ಮುಚ್ಚಲು ಅದೇ ಬಣ್ಣ ಬೇಕಾಗುತ್ತದೆ. ಬಣ್ಣ ಆಯುವಾಗ ಚೀಟಿಯ ಮೇಲಿನ ತುಣುಕನ್ನು ನಂಬದೆ, ಚಿಕ್ಕ ಡಬ್ಬ ತಂದು ಗೋಡೆಯ ಮೇಲೆ ಎರಡು ಅಡಿಯಷ್ಟು ಬಳಿದು, ಬೆಳಗಿನ ಬಿಸಿಲಿನಲ್ಲಿ ಒಮ್ಮೆ, ರಾತ್ರಿಯ ದೀಪದಲ್ಲಿ ಒಮ್ಮೆ ನೋಡಿ. 6500 ಕೆಲ್ವಿನ್‌ನ ನೀಲಿಬಿಳುಪಿನ ಎಲ್‌ಇಡಿ ಬಲ್ಬಿನಡಿ ಕೆನೆಬಣ್ಣವೂ ಬಾಡಿದಂತೆ ಕಾಣುತ್ತದೆ. ಎಷ್ಟೋ ಮನೆಗಳಲ್ಲಿ ಗೋಡೆಯ ಬಣ್ಣ ಬದಲಿಸುವ ಅಗತ್ಯವೇ ಇರುವುದಿಲ್ಲ, 3000 ಕೆಲ್ವಿನ್‌ನ ಹಳದಿ ಛಾಯೆಯ ಎರಡು ಬಲ್ಬುಗಳನ್ನು ತಂದು ಹಾಕಿದರೆ ಕೋಣೆ ಬೆಚ್ಚಗೆ ಕಾಣುತ್ತದೆ.

ಗೋಡೆಗೆ ಚಿತ್ರ ಬೇಕೆನ್ನುವವರು ಅಂಟಿಸುವ ಸ್ಟಿಕ್ಕರಿನ ಆಸೆಗೆ ಬೀಳದಿರುವುದು ಒಳ್ಳೆಯದು. ಕೀಳುವಾಗ ಅದು ಬಣ್ಣವನ್ನೂ ಪುಟ್ಟಿಯನ್ನೂ ಎಳೆದುಕೊಂಡು ಬರುತ್ತದೆ, ಬಾಡಿಗೆ ಮನೆಯಾದರೆ ಮುಂಗಡದ ಹಣದಲ್ಲಿ ಕಡಿತವಾಗುತ್ತದೆ. ನನ್ನ ತವರಿನ ಕಡೆ, ಸಾಗರ ಸೊರಬಗಳಲ್ಲಿ, ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕರಿ ಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿಯಿಂದ, ಪುಂಡಿ ನಾರಿನ ಕುಂಚ ಹಿಡಿದು ಬರೆಯುವ ಹಸೆ ಚಿತ್ತಾರಕ್ಕೆ ಸರಿಸಾಟಿಯಾದ ಅಲಂಕಾರ ಬೇರೆ ಇಲ್ಲ. ಅದನ್ನು ನೋಡಿ ನಕಲು ಮಾಡುವುದಕ್ಕಿಂತ, ಬರೆಯಬಲ್ಲವರಿಂದಲೇ ಒಂದು ಚಿಕ್ಕ ಚಿತ್ತಾರವನ್ನು ಹಲಗೆಯ ಮೇಲೆ ಬರೆಸಿಕೊಂಡು ತೂಗುಹಾಕಿ. ಸ್ಟಿಕ್ಕರಿಗಿಂತ ಖರ್ಚು ಹೆಚ್ಚು, ಆದರೆ ಮನೆ ಬದಲಿಸಿದಾಗ ಅದು ನಿಮ್ಮ ಜೊತೆಗೇ ಬರುತ್ತದೆ, ಹಣ ಬರೆದವರ ಕೈ ಸೇರುತ್ತದೆ.

ಹಳೆಯ ಸೀರೆಗಳಿಂದ ಪರದೆ ಮಾಡುವುದು ಎಲ್ಲರೂ ಕೈಹಾಕುವ, ಅರ್ಧದಷ್ಟು ಜನ ಕೆಡಿಸಿಕೊಳ್ಳುವ ಕೆಲಸ. ಲೆಕ್ಕ ಬಹಳ ಅನುಕೂಲವಾಗಿಯೇ ಇದೆ. ಸೀರೆಯ ಉದ್ದ ಸುಮಾರು 18 ಅಡಿ. ಸರಿಯಾಗಿ ಎರಡು ಮಾಡಿದರೆ ಒಂಬತ್ತು ಅಡಿಯ ಎರಡು ತುಂಡು, 7 ಅಡಿಯ ಬಾಗಿಲಿಗೆ ಮೇಲಿನ ಮಡಿಕೆ, ಕೆಳಗಿನ ಮಡಿಕೆ ಕಳೆದು, ಪರದೆಯನ್ನು ಬದಿಗೆ ಕಟ್ಟುವ ಪಟ್ಟಿಗೂ ಬಟ್ಟೆ ಉಳಿಯುತ್ತದೆ. ಪರದೆಗೆ ನೆರಿಗೆ ಚೆಂದ ಕೂರಬೇಕಾದರೆ ಬಟ್ಟೆಯ ಅಗಲ ಸರಳಿನ ಉದ್ದದ ಒಂದೂವರೆಯಿಂದ ಎರಡು ಪಟ್ಟು ಇರಬೇಕು. ಮೂರೂವರೆ ಅಡಿಯ ಬಾಗಿಲಿಗೆ ಎರಡು ತುಂಡು ಸೇರಿ ಅಷ್ಟಾಗುತ್ತದೆ. ತಪ್ಪುವುದು ಸೀರೆಯ ಆಯ್ಕೆಯಲ್ಲಿ. ಹಳೆಯ ರೇಷ್ಮೆ ಸೀರೆ ಕಪಾಟಿನಲ್ಲಿ ಗಟ್ಟಿಯಾಗಿ ಕಂಡರೂ ಮಡಿಕೆಗಳಲ್ಲಿ ಆಗಲೇ ಸತ್ವ ಕಳೆದುಕೊಂಡಿರುತ್ತದೆ, ಪಶ್ಚಿಮದ ಬಿಸಿಲು ಬೀಳುವ ಕಿಟಕಿಗೆ ಹಾಕಿದರೆ ಒಂದೆರಡು ಬೇಸಿಗೆಯಲ್ಲಿ ಎಳೆ ಎಳೆಯಾಗಿ ಸೀಳುತ್ತದೆ. ಬಿಸಿಲು ರೇಷ್ಮೆಗೆ ಶತ್ರು. ಅಂಥ ಸೀರೆಯನ್ನು ದೇವರ ಮನೆಯ ಬಾಗಿಲಿಗೋ ಒಳಗಿನ ಕೋಣೆಗೋ ಬಳಸಿ. ಬಿಸಿಲಿನ ಕಿಟಕಿಗೆ ಹತ್ತಿಯ ಸೀರೆ, ಅದರ ಹಿಂದೆ ಕೋರಾ ಬಟ್ಟೆಯ (ಬಿಳುಪು ಮಾಡದ ಹತ್ತಿ ಬಟ್ಟೆಯ) ಲೈನಿಂಗ್ ಇರಲಿ.

ಆ ಲೈನಿಂಗ್ ವಿಷಯದಲ್ಲಿ ನನಗಾದ ನಷ್ಟವನ್ನು ಹೇಳಲೇಬೇಕು. ಹುಬ್ಬಳ್ಳಿಯಲ್ಲಿದ್ದಾಗ ಅತ್ತೆಯವರ ಇಳಕಲ್ ಸೀರೆಗೆ ಹೊಸ ಕೋರಾ ಬಟ್ಟೆಯನ್ನು ಒಗೆಯದೆ ಹಾಗೆಯೇ ಹೊಲಿಸಿದೆ. ಮೊದಲ ಒಗೆತದಲ್ಲಿಯೇ ಲೈನಿಂಗ್ ಕುಗ್ಗಿ, ಸೀರೆ ಕುಗ್ಗದೆ, ಪರದೆ ಉದ್ದಕ್ಕೂ ಸುಕ್ಕುಗಟ್ಟಿತು. ಸಾಲದ್ದಕ್ಕೆ, ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಎಳೆಗಳನ್ನು ಕೊಂಡಿಯಂತೆ ಸಿಕ್ಕಿಸಿ ಸೇರಿಸಿರುತ್ತಾರೆಂಬುದನ್ನು ಗಮನಿಸದೆ ಆ ಕೂಡಿಕೆಯ ಹತ್ತಿರವೇ ಕತ್ತರಿ ಹಾಕಿದ್ದರಿಂದ ಸೆರಗು ಬಿಚ್ಚಿಕೊಳ್ಳತೊಡಗಿತು. ಹೊಸ ಬಟ್ಟೆ ಏನೇ ಇರಲಿ, ಎರಡು ಸಲ ನೀರಿನಲ್ಲಿ ನೆನೆಸಿ ಒಣಗಿಸಿ ಆಮೇಲೆ ಹೊಲಿಯಿರಿ. ಗಾಢ ಬಣ್ಣದ ಸೀರೆಯನ್ನು ಬಣ್ಣ ಬಿಡುವುದು ನಿಲ್ಲುವವರೆಗೆ ಬೇರೆಯಾಗಿ ಒಗೆಯಿರಿ. ಕೂಡಿಕೆಯ ಎರಡೂ ಬದಿಗೆ ಮೊದಲು ಹೊಲಿಗೆ ಹಾಕಿ, ಆಮೇಲೆ ಕತ್ತರಿಸಿ. ಕಸೂತಿ ಇರುವ ಸೀರೆಯನ್ನು ದಯವಿಟ್ಟು ಕತ್ತರಿಸಬೇಡಿ. ಅಷ್ಟು ತಿಂಗಳು ಎಳೆ ಎಣಿಸಿ ಹಾಕಿದ ಕೈಯ ಕೆಲಸವನ್ನು ಗಾಜಿನ ಚೌಕಟ್ಟಿನಲ್ಲಿ ಇಡಬಹುದು, ಕಿಟಕಿಗೆ ಬೇರೆ ಬಟ್ಟೆ ಸಿಗುತ್ತದೆ.

ಪರದೆಗೂ ಬಾರದಷ್ಟು ಸವೆದ ಹತ್ತಿ ಬಟ್ಟೆಗಳಿಂದ ಕೌದಿ ಹೊಲಿಯುವುದು ಉತ್ತರ ಕರ್ನಾಟಕದ ಮನೆಗಳಲ್ಲಿ ಇಂದಿಗೂ ಇದೆ. ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಂಗಸರು ಕವಂದಿ ಎಂದು ಕರೆಯುವ ತಮ್ಮ ಕೌದಿಯನ್ನು ಅಂಚಿನಿಂದ ಆರಂಭಿಸಿ ನಡುವಿನ ಕಡೆಗೆ ಹೊಲಿಯುತ್ತ ಹೋಗಿ, ಮೂಲೆಗಳಲ್ಲಿ ಹೂವಿನಂತೆ ಮಡಿಸಿದ ತುಣುಕುಗಳನ್ನು ಇಡುವುದನ್ನು ನೋಡುವುದೇ ಒಂದು ಸೊಗಸು. ದಿವಾನದ ಮೇಲಿನ ಹಾಸಿಗೆಯಾಗಿ ಕೌದಿ ಬಹಳ ಚೆನ್ನಾಗಿ ಒಪ್ಪುತ್ತದೆ. ಹತ್ತಿಯ ಜೊತೆ ಪಾಲಿಸ್ಟರ್ ಬೆರೆಸಬಾರದು, ತೀರ ಜೀರ್ಣವಾದ ತುಂಡನ್ನು ಗಟ್ಟಿ ತುಂಡಿನ ಪಕ್ಕದಲ್ಲಿ ಇಟ್ಟರೆ ಹೊಲಿಗೆಯ ಬುಡದಲ್ಲಿಯೇ ಹರಿಯುತ್ತದೆ. ಮಳೆಗಾಲದಲ್ಲಿ ಒಗೆಯುವ ಯೋಚನೆ ಬೇಡ, ವಾರವಾದರೂ ಒಣಗುವುದಿಲ್ಲ.

ಗಾಜಿನ ಬಾಟಲಿಯಲ್ಲಿ ಮನಿಪ್ಲಾಂಟ್ ಇಡುವವರು ವಾರಕ್ಕೊಮ್ಮೆ ತಪ್ಪದೆ ನೀರು ಬದಲಿಸಬೇಕು, ಡೆಂಗಿ ಹರಡುವ ಸೊಳ್ಳೆಗೆ ಅಷ್ಟು ನೀರು ಸಾಕು. ಹಿತ್ತಾಳೆಯ ಹಂಡೆಯಲ್ಲಿ ಗಿಡ ಇಡುವುದಾದರೆ ಮಣ್ಣನ್ನು ನೇರವಾಗಿ ತುಂಬದೆ, ಒಳಗೆ ಬೇರೆ ಕುಂಡ ಇಡಿ. ಇಲ್ಲವಾದರೆ ತಳ ಕಿಲುಬುಗಟ್ಟುತ್ತದೆ.

ಹಳೆಯ ಮರದ ಸಾಮಾನಿನಲ್ಲಿ ಉಳಿತಾಯವೂ ಹೆಚ್ಚು, ಮೋಸ ಹೋಗುವುದೂ ಹೆಚ್ಚು. ಗುಜರಿಯಲ್ಲಿ ಕುರ್ಚಿಯನ್ನೋ ಪೆಟ್ಟಿಗೆಯನ್ನೋ ಕೊಳ್ಳುವ ಮೊದಲು ತಲೆಕೆಳಗು ಮಾಡಿ, ನೆಲಕ್ಕೆ ಬಿಳಿ ಕಾಗದ ಹಾಸಿ, ಕೈಯಿಂದ ನಾಲ್ಕು ಸಲ ತಟ್ಟಿ. ಹಿಟ್ಟಿನಂಥ ಹುಡಿ ಉದುರಿದರೆ ಕುಟ್ಟೆ ಹುಳು ಒಳಗಿದೆ. ಎಷ್ಟೇ ಅಗ್ಗವಾದರೂ ಬೇಡ, ಅದು ನಿಮ್ಮ ಮನೆಯ ಬಾಗಿಲಿಗೂ ಹತ್ತೀತು. ಹಳೆಯ ಬಣ್ಣ ಹೊಡೆದ ಸಾಮಾನನ್ನು ಒಣಗಿದಂತೆಯೇ ಉಜ್ಜಬಾರದು. ಮನೆ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದೆಂದೇ ತಿಳಿದು, ನೀರಿನಿಂದ ತೇವ ಮಾಡಿಕೊಂಡು ಉಜ್ಜಿ, ಮಾಸ್ಕ್ ಧರಿಸಿ, ಹುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಮಕ್ಕಳಿರುವ, ಬಸುರಿ ಹೆಂಗಸರಿರುವ ಮನೆಯೊಳಗೆ ಈ ಕೆಲಸ ಬೇಡ. ಬಣ್ಣವಿಲ್ಲದ ತೇಗ, ಬೀಟೆಗಳಿಗೆ ಮೊದಲು 80ನೇ ನಂಬರಿನ ಸ್ಯಾಂಡ್ ಪೇಪರ್, ಆಮೇಲೆ 120, ಕೊನೆಗೆ 220, ಯಾವಾಗಲೂ ಮರದ ಎಳೆ ಹೋದ ದಿಕ್ಕಿಗೇ ಉಜ್ಜಿ, ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿದರೆ ಸಾಕು. ಆ ಎಣ್ಣೆಯ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಯಲ್ಲಿ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟಿ, ಮುದ್ದೆಯೊಳಗೆ ಅದು ಕೂಡಿಕೊಂಡು, ಬಟ್ಟೆಗೆ ತಾನಾಗಿಯೇ ಬೆಂಕಿ ಹತ್ತುವುದುಂಟು. ಬಯಲಿನಲ್ಲಿ ಹರಡಿ ಪೂರ್ತಿ ಒಣಗಿಸಬೇಕು.

ಬೆತ್ತದ ಕುರ್ಚಿಯ ಕೂರುವ ಭಾಗ ಜೋತುಬಿದ್ದ ಮಾತ್ರಕ್ಕೆ ಬೆತ್ತ ಬಿಚ್ಚಿಸಿ ನೈಲಾನ್ ದಾರ ಹೆಣೆಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಎಳೆ ತುಂಡಾಗಿಲ್ಲವಾದರೆ ಕುರ್ಚಿಯನ್ನು ಬೋರಲು ಹಾಕಿ, ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಬೆತ್ತದ ಅಡಿಭಾಗವನ್ನು ಚೆನ್ನಾಗಿ ನೆನೆಸಿ, ಮರಕ್ಕೆ ನೀರು ಹರಿಯದಂತೆ ನೋಡಿಕೊಂಡು, ಗಾಳಿಯಾಡುವ ಜಗಲಿಯಲ್ಲಿ ಒಂದು ಹಗಲು ಒಂದು ರಾತ್ರಿ ಬಿಡಿ. ಯಾರೂ ಅದರ ಮೇಲೆ ಕೂರದಿರಲಿ. ಒಣಗುತ್ತ ಬೆತ್ತ ಬಿಗಿಯುತ್ತದೆ. ಮೈಸೂರಿನ ಮನೆಯ ಎರಡು ಕುರ್ಚಿಗಳನ್ನು ಹೀಗೆ ಮೂರು ವರ್ಷಕ್ಕೊಮ್ಮೆ ಬಿಗಿಗೊಳಿಸುತ್ತ ಬಂದಿದ್ದೇನೆ, ಇಂದಿಗೂ ಜಗಲಿಯಲ್ಲಿ ಅವುಗಳ ಮೇಲೆಯೇ ಕೂರುತ್ತೇವೆ.