ಸ್ನೇಕ್ ಪ್ಲಾಂಟ್: ಮನೆಯೊಳಗೆ ಬೆಳೆಸುವ ಕ್ರಮ

ಮನೆಯೊಳಗಿನ ಸ್ನೇಕ್ ಪ್ಲಾಂಟ್ ಹಾಳಾಗುವುದು ಬಹುಮಟ್ಟಿಗೆ ನೀರಿನ ಕೊರತೆಯಿಂದಲ್ಲ, ಅತಿಯಾದ ಆರೈಕೆಯಿಂದ. ಪಶ್ಚಿಮ ಆಫ್ರಿಕಾದ ಉಷ್ಣವಲಯ ಮೂಲದ ಈ ಗಿಡವು ದಪ್ಪ ಎಲೆಗಳಲ್ಲಿಯೂ ಮಣ್ಣಿನಡಿಯ ಗೆಡ್ಡೆಯಂಥ ಕಾಂಡದಲ್ಲಿಯೂ ನೀರನ್ನು ಕೂಡಿಟ್ಟುಕೊಳ್ಳುತ್ತದೆ. ಅದರ ಪತ್ರರಂಧ್ರಗಳು, ಅಂದರೆ ಎಲೆಯ ಮೇಲಿನ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು, ಹಗಲಿನ ಬದಲು ಮುಖ್ಯವಾಗಿ ರಾತ್ರಿ ತೆರೆಯುವುದರಿಂದ ತೇವ ಆವಿಯಾಗುವುದೂ ಕಡಿಮೆ.

ಆದ್ದರಿಂದ ವಾರಕ್ಕೊಮ್ಮೆ ನೀರುಣಿಸಬೇಕೆಂಬ ನಿಯಮವನ್ನು ಇಲ್ಲಿ ಕೈಬಿಡುವುದು ಲೇಸು. ತೆಳುವಾದ ಮರದ ಕಡ್ಡಿಯೊಂದನ್ನು ಕುಂಡದ ತಳದವರೆಗೆ ಇಳಿಸಿ ಹೊರತೆಗೆದಾಗ ಅದಕ್ಕೆ ಮಣ್ಣು ಅಂಟಿದ್ದರೆ ಇನ್ನೂ ಕಾಯಬೇಕು. ಕಡ್ಡಿ ಒಣಗಿಯೇ ಬಂದರೆ ತಳದ ರಂಧ್ರದಿಂದ ಹರಿಯುವಷ್ಟು ನೀರು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಬೇಕು. ಬೆಚ್ಚಗಿನ ದಿನಗಳಲ್ಲಿ ಇದು ಸುಮಾರು ಎರಡು ಮೂರು ವಾರಗಳಿಗೊಮ್ಮೆ ಬರಬಹುದು, ಚಳಿಯಲ್ಲಿ ತಿಂಗಳಿಗೂ ಮೀರಬಹುದು. ಎಲೆಗಳು ಕೂಡುವ ನಡುಭಾಗದಲ್ಲಿ ನೀರು ನಿಂತರೆ ಅಲ್ಲಿಂದಲೇ ಕೊಳೆತ ಆರಂಭವಾಗುತ್ತದೆ.

ಕುಂಡವು ಬೇರಿನ ಗುಂಪಿಗಿಂತ ತುಸುವಷ್ಟೇ ದೊಡ್ಡದಿರಲಿ, ಏಕೆಂದರೆ ಬೇರು ತಲುಪದ ಮಣ್ಣು ಬಹುಕಾಲ ಹಸಿಯಾಗಿಯೇ ಉಳಿಯುತ್ತದೆ. ಮೆರುಗು ಬಳಿಯದ ಮಣ್ಣಿನ ಕುಂಡ ಉತ್ತಮ. ಎರಡು ಪಾಲು ಸಡಿಲವಾದ ಮಣ್ಣಿಗೆ ಒಂದು ಪಾಲು ದಪ್ಪ ಮರಳು ಅಥವಾ ಪರ್ಲೈಟ್ (ಮಣ್ಣನ್ನು ಸಡಿಲವಾಗಿಡುವ ಹಗುರವಾದ ಬಿಳಿ ಖನಿಜದ ಹರಳು) ಬೆರೆಸಿದರೆ ಸಾಕು.

ಕಿಟಕಿಯ ಬಳಿಯ ನೆರಳುಬೆಳಕು ಇದಕ್ಕೆ ಒಗ್ಗುತ್ತದೆ. ಮಬ್ಬು ಮೂಲೆಯಲ್ಲಿಯೂ ಗಿಡ ಬದುಕುತ್ತದೆ ಎಂಬ ಮಾತು ನಿಜವಾದರೂ, ಅಲ್ಲಿ ಅದು ಬೆಳೆಯುವುದಿಲ್ಲ, ಬರಿದೇ ತಾಳಿಕೊಂಡಿರುತ್ತದೆ; ಅಂಥ ಕಡೆ ನೀರನ್ನು ಇನ್ನಷ್ಟು ಕಡಿಮೆ ಮಾಡಬೇಕು. ತಾಪಮಾನ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ.

ಎಲೆ ಸುಕ್ಕುಗಟ್ಟಿದೊಡನೆ ನೀರು ಸುರಿಯುವುದು ಸಾಮಾನ್ಯ ತಪ್ಪು. ಬಾಯಾರಿದ ಗಿಡವೂ ಬೇರು ಕೊಳೆತ ಗಿಡವೂ ಹೀಗೆಯೇ ಸೊರಗುತ್ತವೆ. ಮಣ್ಣು ಹಸಿಯಾಗಿದ್ದು ಎಲೆಯ ಬುಡ ಮೆತ್ತಗಾಗಿದ್ದರೆ ಗಿಡವನ್ನು ಕುಂಡದಿಂದ ಹೊರತೆಗೆಯಿರಿ. ಗಟ್ಟಿಯಾದ ಬೇರುಗಳನ್ನು ಉಳಿಸಿ, ಹಿಸುಕಿದರೆ ಲೋಳೆಯಾಗುವ, ದುರ್ವಾಸನೆಯ ಕಂದು ಭಾಗಗಳನ್ನು ಶುಚಿಯಾದ ಚಾಕುವಿನಿಂದ ಕತ್ತರಿಸಿ, ಗಾಯ ಒಣಗಲು ಎರಡು ದಿನ ಬಿಟ್ಟು, ಹೊಸ ಒಣಮಣ್ಣಿನಲ್ಲಿ ನೆಟ್ಟು, ಸುಮಾರು ಒಂದು ವಾರ ನೀರು ಕೊಡದಿರಿ.

ಎಲೆಯ ತುಂಡುಗಳಿಂದಲೂ ಹೊಸ ಗಿಡ ಪಡೆಯಬಹುದು. ಬುಡದ ಕಡೆಯನ್ನೇ ಮಣ್ಣಿಗೆ ಊರಬೇಕು, ಬೇರೊಡೆಯಲು ವಾರಗಟ್ಟಲೆ ಕಾಯಬೇಕು. ಆದರೆ ಹಳದಿ ಅಂಚಿನ ತಳಿಯನ್ನು ಹೀಗೆ ಬೆಳೆಸಿದರೆ ಮರಿಗಿಡದಲ್ಲಿ ಆ ಅಂಚು ಮರೆಯಾಗಿ ಹಸಿರು ಪಟ್ಟೆಗಳಷ್ಟೇ ಉಳಿಯುತ್ತವೆ. ಅಂಚು ಬೇಕಿದ್ದವರು ಬುಡದ ಮರಿಗಳನ್ನು ಬೇರುಸಹಿತ ಬೇರ್ಪಡಿಸಬೇಕು.

ಈ ಗಿಡದಲ್ಲಿ ಸಪೋನಿನ್ ಎಂಬ ರಾಸಾಯನಿಕವಿರುವುದರಿಂದ ಎಲೆ ಅಗಿದ ಬೆಕ್ಕು, ನಾಯಿಗಳಿಗೆ ವಾಂತಿ, ಭೇದಿಯಾಗಬಹುದು. ಕುಂಡವನ್ನು ಅವುಗಳಿಗೆ ಎಟುಕದ ಎತ್ತರದಲ್ಲಿ ಇಡಿ.