ತಕ್ಕಡಿಗೆ ಸಿಕ್ಕಿದ ಕೊಲಂಬೈಟ್

ಶ್ರೀರಂಗಪಟ್ಟಣ ತಾಲ್ಲೂಕಿನ ಅಲ್ಲಾಪಟ್ಟಣ–ಮರಳಗಾಲದ ಪೆಗ್ಮಟೈಟ್‌ಗಳಲ್ಲಿ (ದಪ್ಪ ಹರಳುಗಳ ಶಿಲೆಗಳಲ್ಲಿ) ನಯೋಬಿಯಮ್ ಮತ್ತು ಟ್ಯಾಂಟಲಮ್ ಲೋಹಗಳ ಕಪ್ಪು ಅದಿರಾದ ಕೊಲಂಬೈಟ್-ಟ್ಯಾಂಟಲೈಟ್ ಇರುವುದು ಖನಿಜ ಹುಡುಕುವ ಕಸುಬಿನವರಿಗೆ ಹೊಸ ಸಂಗತಿಯಲ್ಲ. ಸುಮಾರು 1,600 ಟನ್ ಲಿಥಿಯಂ ನಿಕ್ಷೇಪದ ಅಂದಾಜು ಹೊರಬಿದ್ದ ಮೇಲೆ ಆ ಊರುಗಳ ಹೆಸರು ಉಳಿದವರಿಗೂ ಪರಿಚಯವಾಯಿತು. ನನ್ನ ಲೆಕ್ಕ ಗ್ರಾಂಗಳದ್ದು. ಹೊಲದ ಒಡೆಯರ ಒಪ್ಪಿಗೆ ಪಡೆದು, ಬದುವಿನ ಪಕ್ಕದ ಕೊರಕಲಿನಲ್ಲಿ ಜಾಲಿಸಿ ತೆಗೆದ ಒಂದು ಹಿಡಿ ಕರಿಮರಳಿನಲ್ಲಿ ಕೊಲಂಬೈಟ್ ಯಾವುದು, ಅದರಲ್ಲಿ ಟ್ಯಾಂಟಲಮ್ ಪಾಲು ಎಷ್ಟು ಎಂಬುದನ್ನು ಮನೆಯ ಮೇಜಿನ ಮೇಲೆ ತೂಕದಿಂದಲೇ ಹೇಳಬಹುದು ಎಂದು ಎರಡು ವರ್ಷ ವಾದಿಸಿದೆ. ‘ಅದೆಲ್ಲ ಕರಿ ಟೂರ್ಮಲಿನ್ ಬಿಡಿ ಸಾರ್’ ಎಂದು ಗೆಳೆಯರು ನಕ್ಕರು.

ಟೂರ್ಮಲಿನ್‌ನ ಸಾಂದ್ರತೆ, ಅಂದರೆ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬ ಲೆಕ್ಕ, 3.1ರ ಆಸುಪಾಸು; ಅದು ಜಾಲಿಸುವಾಗಲೇ ಬಹುಪಾಲು ಹೊರಟುಹೋಗುತ್ತದೆ. ತೊಡಕು ಕೊಡುವುದು ಕಬ್ಬಿಣದ ಅದಿರಾದ ಮ್ಯಾಗ್ನೆಟೈಟ್, ಏಕೆಂದರೆ ಅದರ ಸಾಂದ್ರತೆಯಾದ 5.2 ಶುದ್ಧ ಕೊಲಂಬೈಟ್‌ನದ್ದೂ ಹೌದು. ಆದ್ದರಿಂದ ಸಾಧಾರಣ ಅಯಸ್ಕಾಂತದಿಂದ ಅದನ್ನು ಮೊದಲೇ ಎತ್ತಿಬಿಡಬೇಕು. ಕೊಲಂಬೈಟ್ ಹರಳಿನಲ್ಲಿ ನಯೋಬಿಯಮ್ ಜಾಗಕ್ಕೆ ಟ್ಯಾಂಟಲಮ್ ಬಂದಷ್ಟೂ ಸಾಂದ್ರತೆ 8ರವರೆಗೂ ಏರುತ್ತದೆ ಎಂಬುದೇ ನನ್ನ ವಾದದ ಬಂಡವಾಳ. ಇದೇ ವ್ಯತ್ಯಾಸ ಕಣ್ಣೆದುರಿಗಿದ್ದರೂ 1809ರಲ್ಲಿ ಇಂಗ್ಲಿಷ್ ರಸಾಯನಶಾಸ್ತ್ರಜ್ಞ ವುಲಸ್ಟನ್ ಆ ಎರಡು ಲೋಹಗಳೂ ಒಂದೇ ಎಂದು ತೀರ್ಮಾನಿಸಿದರು. 1844ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಹೈನ್‌ರಿಖ್ ರೋಸ್ ನಯೋಬಿಯಮ್ಮನ್ನು ಬೇರೆಯೆಂದು ತೋರಿಸುವವರೆಗೆ ಆ ಗೊಂದಲ ನಡೆಯಿತು. ತಕ್ಕಡಿಯನ್ನು ನಂಬದವರು ನನ್ನ ಗೆಳೆಯರಷ್ಟೇ ಅಲ್ಲ!

ಆದರೆ ಮೊದಲ ಆರು ತಿಂಗಳು ನನ್ನ ತಕ್ಕಡಿಯೂ ನಂಬಿಕೆಗೆ ಅರ್ಹವಾಗಿರಲಿಲ್ಲ. ಒಂದು ಗ್ರಾಮಿಗಿಂತ ಕಡಿಮೆಯ ಹರಳನ್ನು 0.01 ಗ್ರಾಂ ತೋರಿಸುವ ಅಗ್ಗದ ತಕ್ಕಡಿಯಲ್ಲಿಟ್ಟು, ದಾರಕ್ಕೆ ಕಟ್ಟಿ ನೀರಿಗಿಳಿಸಿದರೆ ಅದೇ ಹರಳಿನ ಸಾಂದ್ರತೆ ಬೆಳಿಗ್ಗೆ 5.1, ಸಂಜೆ 7.4 ಬರುತ್ತಿತ್ತು. ಬೇಸತ್ತು 11 ಹರಳುಗಳನ್ನು ಖಾಸಗಿ ಪ್ರಯೋಗಾಲಯವೊಂದಕ್ಕೆ ಕಳುಹಿಸಿದೆ. ಅವರು ನಾಲ್ಕು ಸಾವಿರದಷ್ಟು ಹಣ ಪಡೆದು, ಅಷ್ಟನ್ನೂ ಒಟ್ಟಿಗೆ ಪುಡಿ ಮಾಡಿ, ಸರಾಸರಿಯ ಒಂದೇ ಅಂಕಿ ಕೊಟ್ಟರು. ಹರಳುಗಳೂ ಹೋದವು, ಹಣವೂ ಹೋಯಿತು.

ಬಳಿಕ ಮೂರು ಸಾವಿರದ ಆಸುಪಾಸಿನಲ್ಲಿ 0.001 ಗ್ರಾಂ ತೋರಿಸುವ ತಕ್ಕಡಿ ಕೊಂಡೆ. ದಾರದ ಬದಲು ಸುಟ್ಟ ಮೋಟಾರಿನಿಂದ ಬಿಚ್ಚಿದ ಸಣ್ಣ ತಾಮ್ರದ ತಂತಿ, ಕುದಿಸಿ ಆರಿಸಿದ ನೀರು, ಗುಳ್ಳೆ ಅಂಟದಂತೆ ಒಂದು ಹನಿ ಸೋಪು, ಪ್ರತಿ ಹರಳಿಗೆ ಐದು ತೂಕ: ಇಷ್ಟರಿಂದಲೇ ಅಂಕಿಗಳು ನಿಂತವು. 1.84 ಗ್ರಾಮಿನ ಹರಳೊಂದು ನೀರಿನಲ್ಲಿ 0.30 ಗ್ರಾಂ ಕಳೆದುಕೊಂಡಿತು; ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸಾಂದ್ರತೆ 6.1. ಟ್ಯಾಂಟಲಮ್ ಆಕ್ಸೈಡ್ ನೂರಕ್ಕೆ 30ರಷ್ಟಿರಬೇಕೆಂದು ಚೀಟಿಯಲ್ಲಿ ಬರೆದಿಟ್ಟೆ. ಅಂಟಿಕೊಂಡ ಸ್ಫಟಿಕಶಿಲೆಯ ಚೂರು ಉಳಿದರೆ ಈ ಲೆಕ್ಕವೆಲ್ಲ ಕೆಡುತ್ತದೆ. ಅದನ್ನು ನಾನು ಬಿಡಿಸುವ ಬಗೆಯನ್ನು ಇಲ್ಲಿ ಹೇಳುವುದಿಲ್ಲ, ಸ್ಫಟಿಕಶಿಲೆಯನ್ನು ಕರಗಿಸುವ ಅಪಾಯಕಾರಿ ಹೈಡ್ರೋಫ್ಲೋರಿಕ್ ಆಮ್ಲದಿಂದಲ್ಲ ಎಂದಷ್ಟೇ ಹೇಳಬಲ್ಲೆ.

ಈ ಸಲ ಬೇರೆ ಕಡೆ, ಹರಳನ್ನು ಪುಡಿ ಮಾಡದೆ ಎಲೆಕ್ಟ್ರಾನ್ ಕಿರಣದಿಂದ ಧಾತುಗಳನ್ನು ಅಳೆಯುವ ಎಲೆಕ್ಟ್ರಾನ್ ಪ್ರೋಬ್ ಪರೀಕ್ಷೆಗೆ ಮೂರು ಹರಳು ಕೊಟ್ಟೆ. ನಾನು 30 ಎಂದಿದ್ದು 33 ಬಂತು, 12 ಎಂದಿದ್ದು 14. ನಕ್ಕಿದ್ದವರಿಗೆ ಆ ಚೀಟಿಗಳನ್ನೇ ತೋರಿಸಿದೆ. ಮೂರನೆಯದು ಮಾತ್ರ 20ರ ಬದಲು 9 ಬಂದು ಮಾನ ಕಳೆಯಿತು, ಏಕೆಂದರೆ ಅದರೊಳಗೆ 7ರಷ್ಟು ಸಾಂದ್ರತೆಯ, ತವರದ ಅದಿರಾದ ಕ್ಯಾಸಿಟರೈಟ್ ಹುದುಗಿತ್ತು.

ಅದರ ಹಿಂದೆ ಬಿದ್ದು ಮಾಡಿದ ಪ್ರಯೋಗವೇ ನನಗೆ ಹೆಚ್ಚು ಖುಷಿ ಕೊಟ್ಟಿತು. ಹಳೆಯ ಟಾರ್ಚ್ ಸೆಲ್ಲಿನ ಸತುವಿನ ಚಿಪ್ಪಿನ ಮೇಲೆ ಹರಳನ್ನಿಟ್ಟು, ಕಿಟಕಿ ತೆರೆದು, ತೆಳು ಹೈಡ್ರೋಕ್ಲೋರಿಕ್ ಆಮ್ಲ ಸುರಿದರೆ ಕ್ಯಾಸಿಟರೈಟ್ ಕೆಲವೇ ನಿಮಿಷಗಳಲ್ಲಿ ಬೂದುಬಣ್ಣದ ತವರವನ್ನು ಹೊದ್ದುಕೊಳ್ಳುತ್ತದೆ. ಕೊಲಂಬೈಟ್ ಕಪ್ಪಾಗಿಯೇ ಇರುತ್ತದೆ. ಈಗ ತೂಗುವ ಮೊದಲು ಈ ಪರೀಕ್ಷೆ ಮಾಡುತ್ತೇನೆ. ಆದರೆ ಒಳಗೆ ಹುದುಗಿದ್ದು ಇದರಿಂದ ಕಾಣುವುದಿಲ್ಲ, ಹರಳನ್ನು ಒಡೆಯಲೇಬೇಕು. ಒಡೆಯಲು ಮನಸ್ಸು ಬಾರದ, ಹೃದಯದ ಆಕಾರದ ಅವಳಿ ಹರಳೊಂದು ‘ಅನುಮಾನ’ ಎಂದು ಬರೆದ ಪೊಟ್ಟಣದಲ್ಲಿ ಇನ್ನೂ ಇದೆ.